ಜರ್ಮನಿಯ ಮನೆಯೊಳಗಿನ ಗಾಂಜಾ ಗಿಡ: ಹೊಸಬರು ತಿಳಿದಿರಬೇಕಾದ ಕೆಲವು ಸಂಗತಿಗಳು

ಸಂಪಾದಕರಿಗೆ,

ಮಾನ್ಯರೇ,

ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು ತಮ್ಮ ಸ್ವಂತ ಬಳಕೆಗಾಗಿ ಮನೆಯಲ್ಲಿ ಮೂರು ಗಾಂಜಾ ಗಿಡಗಳನ್ನು ಬೆಳೆಸಿಕೊಳ್ಳಲು ಕಾನೂನು ಅವಕಾಶ ಕೊಟ್ಟಿದೆ. ಈ ಸುದ್ದಿ ಕನ್ನಡದ ಓದುಗರಿಗೆ ಬಹುತೇಕ ‘ಜರ್ಮನಿಯಲ್ಲಿ ಗಾಂಜಾ ಮುಕ್ತ’ ಎಂಬ ಒಂದೇ ಸಾಲಿನಲ್ಲಿ ತಲುಪಿದೆ. ಆ ಸಾಲನ್ನೇ ನಂಬಿಕೊಂಡು ಇಲ್ಲಿಗೆ ಓದಲು ಬರುವ ನಮ್ಮ ಹುಡುಗ ಹುಡುಗಿಯರು, ಬಂದ ಕೆಲವೇ ವಾರಗಳಲ್ಲಿ ‘ಆಟೋ’ ಬೀಜಗಳ, ಅಂದರೆ ತಾನಾಗಿ ಹೂ ಬಿಡುವ ಗಾಂಜಾ ತಳಿಗಳ ಬೀಜಗಳ ಬಗ್ಗೆ ವಿಚಾರಿಸತೊಡಗುತ್ತಾರೆ. ಕರ್ನಾಟಕದಲ್ಲಿ ತೋಟಗಾರಿಕೆ ಓದಿ, ಈಗ ದಕ್ಷಿಣ ಜರ್ಮನಿಯ ಹಸಿರುಮನೆಯೊಂದರಲ್ಲಿ ಕೆಲಸ ಮಾಡುತ್ತಿರುವ ನನ್ನನ್ನು ಇಂಥ ಪ್ರಶ್ನೆಗಳು ಪದೇ ಪದೇ ಹುಡುಕಿಕೊಂಡು ಬರುತ್ತವೆ. ಬೆಳೆಸುವುದು ಸುಲಭ ಎಂದು ಹೆಸರಾದ ಗಿಡ, ಬೆಳೆಸುವವನ ಹೊಣೆಯನ್ನು ಹಗುರ ಮಾಡುವುದಿಲ್ಲ ಎಂಬುದನ್ನು ಈ ವಿದ್ಯಾರ್ಥಿಗಳಿಗೂ ಊರಿನಲ್ಲಿರುವ ಅವರ ತಂದೆ ತಾಯಿಯರಿಗೂ ತಿಳಿಸುವ ಅಗತ್ಯವಿದೆ ಎನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಗಿಡದ ವಿಷಯ. ಸಾಮಾನ್ಯ ಗಾಂಜಾ ಗಿಡ ರಾತ್ರಿಯ ಉದ್ದವನ್ನು ಅಳೆದು ಹೂ ಬಿಡುತ್ತದೆ. ಬೇಸಿಗೆಯ ಉದ್ದನೆಯ ಹಗಲಿನಲ್ಲಿ ಅದು ಬರೀ ಎಲೆ, ಕೊಂಬೆ ಬೆಳೆಸಿಕೊಂಡಿದ್ದು, ರಾತ್ರಿ ಸುಮಾರು ಹನ್ನೆರಡು ಗಂಟೆಯತ್ತ ಚಾಚಿದಾಗ ಹೂವಿಗೆ ತಿರುಗುತ್ತದೆ. ಆಟೋ ಎಂದು ಕರೆಯುವ ತಳಿಗಳಿಗೆ ಈ ಲೆಕ್ಕವಿಲ್ಲ. ಬೀಜ ಮೊಳೆತು ಮೂರರಿಂದ ಐದು ವಾರ ಆಯಿತೆಂದರೆ, ಹಗಲು ಎಷ್ಟೇ ಉದ್ದವಿರಲಿ, ವಯಸ್ಸಿಗೆ ಬಂದಂತೆ ತಾನಾಗಿ ಹೂ ಬಿಡುತ್ತವೆ. ನಮ್ಮ ಅವರೆಯನ್ನು ಬಲ್ಲವರಿಗೆ ಇದು ಹೊಸದಲ್ಲ. ನಾಟಿ ಅವರೆ ಹಗಲು ಕಿರಿದಾದ ಮೇಲೆಯೇ ಹೂ ಕಟ್ಟುವುದರಿಂದ ಸೊಗಡಿನ ಕಾಯಿಗೆ ಡಿಸೆಂಬರ್, ಜನವರಿಯವರೆಗೆ ಕಾಯಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದ ಹೆಬ್ಬಾಳ ಅವರೆ 3 ಮತ್ತು 4 ತಳಿಗಳು ಹಗಲಿನ ಉದ್ದಕ್ಕೆ ಕಿವಿಗೊಡದೆ ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ ಕೊಡುತ್ತವೆ. ಗಾಂಜಾದಲ್ಲಿ ಈ ಗುಣ ಬಂದಿರುವುದು ರುಡೆರಾಲಿಸ್ ಎಂಬ ಗಿಡ್ಡ ಜಾತಿಯಿಂದ. ರಷ್ಯಾದ ಸಸ್ಯವಿಜ್ಞಾನಿ ಯಾನಿಶೆವ್‌ಸ್ಕಿ 1924ರಲ್ಲಿ ಅದನ್ನು ಪ್ರತ್ಯೇಕ ಜಾತಿ ಎಂದು ವಿವರಿಸಿದರು. ಬೇಸಿಗೆ ಕೆಲವೇ ವಾರಗಳಲ್ಲಿ ಮುಗಿದುಹೋಗುವ ಸೀಮೆಯಲ್ಲಿ ಹಗಲು ಕಿರಿದಾಗುವವರೆಗೆ ಕಾದರೆ ಬೀಜ ಬಲಿಯುವ ಮೊದಲೇ ಹಿಮ ಬೀಳುತ್ತದೆ. ಆದ್ದರಿಂದ ಕಾಯದೆ ಹೂ ಬಿಟ್ಟ ಗಿಡಗಳೇ ಅಲ್ಲಿ ಉಳಿದುಕೊಂಡವು. ಅವುಗಳನ್ನು ಬೇರೆ ತಳಿಗಳೊಡನೆ ಅಡ್ಡ ಹಾಯಿಸಿದ ‘ಲೋರೈಡರ್’ ಎಂಬ ತಳಿ 2000ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಆಟೋ ಬೀಜಗಳು ಜನಪ್ರಿಯವಾದವು.

ಆ ಮೊದಮೊದಲ ತಳಿಗಳಲ್ಲಿ ಅಮಲಿನ ಅಂಶ ಕಡಿಮೆಯಿತ್ತು. ಆದ್ದರಿಂದ ಆಟೋ ಎಂದರೆ ಸೌಮ್ಯ ಗಾಂಜಾ ಎಂಬ ನಂಬಿಕೆ ಈಗಲೂ ಉಳಿದುಕೊಂಡಿದೆ. ಇದು ತಪ್ಪು. ಈಗಿನ ಮಿಶ್ರತಳಿಗಳಲ್ಲಿ ಅಮಲೇರಿಸುವ ಅಂಶವಾದ ಟಿಎಚ್‌ಸಿ ಶೇ 20ರ ಆಸುಪಾಸಿಗೆ ಹೋಗುವವೂ ಇವೆ. ಗಿಡ ಗಿಡ್ಡವಾದ ಮಾತ್ರಕ್ಕೆ ಅದರ ಹೂವಿನ ಕಸುವು ಕಡಿಮೆಯಾಗುವುದಿಲ್ಲ.

ಹೊಸಬರು ಆಟೋ ಬೀಜವನ್ನೇ ಕೇಳುವುದಕ್ಕೆ ಕಾರಣಗಳಿವೆ. ದೀಪದ ಗಂಟೆಗಳನ್ನು ಬದಲಿಸುವ ಗೊಡವೆಯಿಲ್ಲ. ಮೊಳಕೆಯಿಂದ ಕೊಯ್ಲಿನವರೆಗೆ ದಿನಕ್ಕೆ ಹದಿನೆಂಟರಿಂದ ಇಪ್ಪತ್ತು ಗಂಟೆ ಬೆಳಕು ಕೊಟ್ಟರೆ ಸಾಕು. ಮಧ್ಯರಾತ್ರಿ ಯಾರೋ ಕೋಣೆಯ ದೀಪ ಹಾಕಿದರೆಂದು ಹೂ ಕೆಡುವುದಿಲ್ಲ. ಬಹುಪಾಲು ತಳಿಗಳು ಒಂದು ಮೀಟರ್ ದಾಟುವುದಿಲ್ಲವಾದ್ದರಿಂದ ಗಿಡ ಬೆಳೆಸಲೆಂದೇ ಕೋಣೆಯೊಳಗೆ ಹೂಡುವ, ಬಟ್ಟೆ ಬೀರುವಿನಷ್ಟಿರುವ ಡೇರೆಯಲ್ಲಿಯೂ ನಿಲ್ಲುತ್ತವೆ. ಒಟ್ಟು ಎಂಟರಿಂದ ಹನ್ನೊಂದು ವಾರಗಳಲ್ಲಿ ಎಲ್ಲವೂ ಮುಗಿಯುತ್ತದೆ. ಇವೆಲ್ಲ ನಿಜವೇ. ಆದರೆ ಇದರ ಇನ್ನೊಂದು ಮುಖವನ್ನು ಬೀಜ ಮಾರುವವರು ಅಷ್ಟಾಗಿ ಹೇಳುವುದಿಲ್ಲ: ವಯಸ್ಸಿಗೆ ತಕ್ಕಂತೆ ಹೂ ಬಿಡುವ ಗಿಡ, ಬೆಳೆಸುವವನ ತಪ್ಪಿಗಾಗಿ ಕಾಯುವುದಿಲ್ಲ. ಸಾಮಾನ್ಯ ತಳಿಯೊಂದು ಬೇರಿಗೆ ಪೆಟ್ಟಾಗಿ ಎರಡು ವಾರ ಸೊರಗಿದರೆ, ಅದಕ್ಕೆ ಇನ್ನೆರಡು ವಾರ ಉದ್ದ ಹಗಲು ಕೊಟ್ಟು ಚೇತರಿಸಿಕೊಳ್ಳಲು ಬಿಡಬಹುದು. ಆಟೋ ಗಿಡಕ್ಕೆ ಎಲೆ ಬೆಳೆಸಿಕೊಳ್ಳಲು ಸಿಗುವುದೇ ನಾಲ್ಕು ವಾರ. ಅದರಲ್ಲಿ ಎರಡು ವಾರ ಹೋಯಿತೆಂದರೆ ಅಂಗೈ ಎತ್ತರದ ಗಿಡವೇ ಹೂ ಬಿಟ್ಟುಬಿಡುತ್ತದೆ.

ಆದ್ದರಿಂದ ಕೇಳುವವರಿಗೆ ನಾನು ಹೇಳುವ ಮಾತೆಲ್ಲ ಈ ಮೊದಲ ನಾಲ್ಕು ವಾರಗಳ ಸುತ್ತಲೇ ಇರುತ್ತದೆ. ಸಣ್ಣ ಕುಂಡದಲ್ಲಿ ಬಿತ್ತಿ ದೊಡ್ಡದಕ್ಕೆ ಬದಲಾಯಿಸುವ ನಮ್ಮ ನರ್ಸರಿ ರೂಢಿ ಇಲ್ಲಿ ಬೇಡ. ಹತ್ತು ಹನ್ನೆರಡು ಲೀಟರ್ ಹಿಡಿಯುವ, ತಳದಲ್ಲಿ ಚೆನ್ನಾಗಿ ನೀರು ಬಸಿಯುವ ಕುಂಡದಲ್ಲಿಯೇ ನೇರವಾಗಿ ಬೀಜ ಊರಬೇಕು. ಮಣ್ಣು ಹಗುರವಾಗಿರಬೇಕು, ಗೊಬ್ಬರ ಕಡಿಮೆ ಇರಬೇಕು. ಹೂಗಿಡಗಳಿಗೆಂದು ಮಾರುವ ಸಾರವತ್ತಾದ ಮಣ್ಣಿನಲ್ಲಿ ಎಳೆಯ ಎಲೆಗಳ ತುದಿ ಸುಟ್ಟಂತಾಗುತ್ತದೆ. ನೀರಿನ ವಿಷಯದಲ್ಲಂತೂ ಬಹುಪಾಲು ಹೊಸಬರು ಗಿಡಕ್ಕೆ ಅತಿಯಾದ ಪ್ರೀತಿ ತೋರಿಸಿಯೇ ಅದನ್ನು ಕಳೆದುಕೊಳ್ಳುತ್ತಾರೆ. ಹನ್ನೊಂದು ಲೀಟರ್ ಕುಂಡದ ನಡುವೆ ಎರಡು ಬೀಜದಳಗಳ ಮೊಳಕೆ ನಿಂತಿರುವಾಗ ಅದರ ಬೇರು ಬೆರಳುದ್ದವೂ ಇರುವುದಿಲ್ಲ. ಇಡೀ ಕುಂಡವನ್ನು ತೋಯಿಸಿದರೆ ಆ ನೀರನ್ನು ಕುಡಿಯುವವರೇ ಇಲ್ಲದೆ ಬೇರಿಗೆ ಉಸಿರು ಕಟ್ಟುತ್ತದೆ. ಮೊಳಕೆಯ ಸುತ್ತ ಬಟ್ಟಲಗಲದ ಉಂಗುರದಷ್ಟು ಮಣ್ಣನ್ನು ಮಾತ್ರ ತೇವ ಮಾಡಿ, ಗಿಡ ಬೆಳೆದಂತೆ ಆ ಉಂಗುರವನ್ನು ಹಿಗ್ಗಿಸುತ್ತ ಹೋಗಬೇಕು. ನೀರು ಹೆಚ್ಚಾದ ಗಿಡದ ಎಲೆ ದಪ್ಪಗೆ, ತುಂಬಿಕೊಂಡಂತೆ ಕೆಳಕ್ಕೆ ಬಾಗುತ್ತದೆ. ನೀರು ಸಾಲದ ಗಿಡದ ಎಲೆ ತೆಳುವಾಗಿ, ಬಟ್ಟೆಯಂತೆ ಜೋತು ಬೀಳುತ್ತದೆ. ದೂರದಿಂದ ಎರಡೂ ಬಾಡಿದಂತೆಯೇ ಕಾಣುವುದರಿಂದ ಹೊಸಬರು ಮೊದಲನೆಯದಕ್ಕೆ ಇನ್ನಷ್ಟು ನೀರು ಹಾಕುತ್ತಾರೆ. ಕುಂಡವನ್ನು ಎತ್ತಿ ತೂಕ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ನನ್ನ ಸಹೋದ್ಯೋಗಿಯೊಬ್ಬರು ತಮ್ಮ ಮನೆಯ ಡೇರೆಯಲ್ಲಿ ಬೆಳೆಸಿದ ಗಿಡವನ್ನು ಹತ್ತಿರದಿಂದ ನೋಡಿದ್ದೇನೆ. ನಾಲ್ಕನೆಯ ವಾರದಲ್ಲಿ, ಎಲೆಯ ತೊಟ್ಟು ಕಾಂಡವನ್ನು ಸೇರುವ ಗೆಣ್ಣಿನಲ್ಲಿ, ಹಸಿರು ಕವಚದೊಳಗಿಂದ ಎರಡು ಬಿಳಿ ಎಳೆಗಳು ಕೂದಲಿನಂತೆ ಹೊರಗೆ ಚಾಚಿದ್ದವು. ಅದು ಹೆಣ್ಣು ಗಿಡದ ಗುರುತು. ಪಪ್ಪಾಯಿಯಂತೆ ಇಲ್ಲಿಯೂ ಗಂಡು ಹೆಣ್ಣು ಬೇರೆ ಬೇರೆ ಗಿಡಗಳಾದ್ದರಿಂದ, ಗೆಣ್ಣಿನಲ್ಲಿ ಎಳೆಗಳ ಬದಲು ಪುಟ್ಟ ಗೊಂಚಲಿನಂಥ ಮೊಗ್ಗು ಕಂಡರೆ ಅದು ಗಂಡು. ಅದರ ಪರಾಗ ಹರಡಿದರೆ ಉಳಿದ ಗಿಡಗಳ ಹೂವೆಲ್ಲ ಬೀಜವಾಗುತ್ತದೆ. ಹೆಣ್ಣು ಗಿಡಗಳನ್ನೇ ಕೊಡುವಂತೆ ಸಿದ್ಧಪಡಿಸಿದ ಬೀಜಗಳು ಸಿಗುತ್ತವಾದರೂ ನಾಲ್ಕನೆಯ ವಾರದಿಂದ ಗೆಣ್ಣುಗಳನ್ನು ನೋಡುತ್ತಿರುವುದು ಒಳ್ಳೆಯದು.

ಹೂ ಬಿಟ್ಟ ಮೇಲೆ ಜರ್ಮನಿಯ ಮನೆಗಳಲ್ಲಿ ಎದುರಾಗುವ ದೊಡ್ಡ ಶತ್ರು ಬೂಷ್ಟು. ಚಳಿಗಾಲದಲ್ಲಿ ಕಿಟಕಿ ಮುಚ್ಚಿದ, ಚೆನ್ನಾಗಿ ನಿರೋಧಕ ಹೊದಿಸಿದ ಕಟ್ಟಡದೊಳಗೆ ಅಡುಗೆಯ ಹಬೆ, ಸ್ನಾನದ ಹಬೆ, ಒಣಹಾಕಿದ ಬಟ್ಟೆಯ ತೇವ ಎಲ್ಲವೂ ಅಲ್ಲಿಯೇ ಉಳಿಯುತ್ತವೆ. ದಿನವೂ ಕಿಟಕಿ ಪೂರ್ತಿ ತೆರೆದು ಗಾಳಿಯಾಡಿಸಬೇಕೆಂದು ಇಲ್ಲಿನ ಮನೆ ಮಾಲೀಕರು ಬಾಡಿಗೆದಾರರಿಗೆ ಒತ್ತಿ ಹೇಳುವುದು ಇದೇ ಕಾರಣಕ್ಕೆ. ಅಂಥ ಕೋಣೆಯಲ್ಲಿ ಕುಂಡದ ನೀರೂ ಎಲೆಗಳ ತೇವವೂ ಸೇರಿಕೊಂಡರೆ ಒತ್ತಾಗಿ ಕಟ್ಟಿದ ಹೂಗೊಂಚಲಿನ ನಡುವೆ ಬೂದುಬಣ್ಣದ ಬೂಷ್ಟು ಹುಟ್ಟುತ್ತದೆ. ಹೊರಗಿನಿಂದ ನೋಡಿದರೆ ಒಂದು ಪುಟ್ಟ ಎಲೆ ಒಣಗಿದಂತೆ ಕಾಣುವುದಷ್ಟೆ. ಅದನ್ನು ಮೆಲ್ಲಗೆ ಎಳೆದರೆ ಸಲೀಸಾಗಿ ಕಳಚಿಕೊಂಡು ಒಳಗಿನ ಕೊಳೆ ಕಣ್ಣಿಗೆ ಬೀಳುತ್ತದೆ. ಅಂಥ ಹೂವನ್ನು ಬಳಸುವುದು ಶ್ವಾಸಕೋಶಕ್ಕೆ ಅಪಾಯ; ಒಣಗಿಸಿದರೆ ಸರಿಹೋಗುತ್ತದೆ ಎಂಬ ಮಾತನ್ನು ಯಾರೂ ನಂಬಬಾರದು. ಹೂ ಬಿಡುವ ಕಾಲದಲ್ಲಿ ಡೇರೆಯೊಳಗಿನ ಆರ್ದ್ರತೆ ಶೇ 50ನ್ನು ಮೀರದಂತೆ, ಉಷ್ಣಾಂಶ 20ರಿಂದ 26 ಡಿಗ್ರಿಯೊಳಗೆ ಇರುವಂತೆ ನೋಡಿಕೊಂಡು, ಒಂದು ಪುಟ್ಟ ಫ್ಯಾನಿನಿಂದ ಗಾಳಿ ಆಡುತ್ತಿರುವಂತೆ ಮಾಡಬೇಕು. ವಿದ್ಯುತ್ ವೆಚ್ಚವೂ ಸಣ್ಣದಲ್ಲ: 100 ವಾಟಿನ ಎಲ್‌ಇಡಿ ದೀಪ ದಿನಕ್ಕೆ 18 ಗಂಟೆಯಂತೆ 70 ದಿನ ಉರಿದರೆ 126 ಯೂನಿಟ್ ಆಗುತ್ತದೆ. ಫ್ಯಾನಿನದು ಇದಕ್ಕೆ ಸೇರಿಕೊಳ್ಳುತ್ತದೆ. ಹಂಚಿಕೊಂಡ ಮನೆಯಲ್ಲಿ ವಿದ್ಯುತ್ ಬಿಲ್ಲನ್ನು ಸಮನಾಗಿ ಕಟ್ಟುವ ಸಹವಾಸಿಗಳಿಗೆ ಇದನ್ನು ಮೊದಲೇ ತಿಳಿಸುವುದು ನ್ಯಾಯ.

ಇನ್ನು ಕಾನೂನಿನ ವಿಷಯ. ನಮ್ಮವರಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಜರ್ಮನಿಯ ಸಂಸತ್ತು ಫೆಬ್ರವರಿ 2024ರಲ್ಲಿ ಅಂಗೀಕರಿಸಿದ ಈ ಕಾಯ್ದೆಯ ಪ್ರಕಾರ ಹದಿನೆಂಟು ದಾಟಿದವರು ಮಾತ್ರ, ಅದೂ ತಾವು ವಾಸಿಸುವ ಮನೆಯಲ್ಲಿ ಮಾತ್ರ, ಗಿಡ ಬೆಳೆಸಬಹುದು. ಆ ವಾಸ ಕನಿಷ್ಠ ಆರು ತಿಂಗಳಿನದಾಗಿರಬೇಕು. ಅಂದರೆ ಅಕ್ಟೋಬರ್‌ನಲ್ಲಿ ವಿಶ್ವವಿದ್ಯಾಲಯ ಸೇರಿದ ವಿದ್ಯಾರ್ಥಿ ನವೆಂಬರ್‌ನಲ್ಲಿ ಬೀಜ ಊರಿದರೆ ಅವನಿಗೆ ಈ ಕಾಯ್ದೆಯ ರಕ್ಷಣೆ ಇಲ್ಲ. ಈ ಒಂದು ಅಂಶವನ್ನು ಬಲ್ಲ ಕನ್ನಡಿಗ ವಿದ್ಯಾರ್ಥಿ ಇದುವರೆಗೆ ನನಗೆ ಸಿಕ್ಕಿಲ್ಲ. ಬೀಜಗಳನ್ನು ಐರೋಪ್ಯ ಒಕ್ಕೂಟದ ದೇಶಗಳಿಂದ ತರಿಸಿಕೊಳ್ಳಬಹುದು. ಅಮೆರಿಕದಿಂದಲೋ ಭಾರತದಿಂದಲೋ ತರುವ ಹಾಗಿಲ್ಲ. ಗಿಡಗಳು ಮಕ್ಕಳಿಗೂ ಬೇರೆಯವರಿಗೂ ಕೈಗೆ ಸಿಗದಂತೆ ಕಾಪಾಡುವುದು ಬೆಳೆಸುವವನ ಕರ್ತವ್ಯ. ವಾಸನೆಯಿಂದ ನೆರೆಯವರಿಗೆ ಅತಿಯಾದ ಕಿರಿಕಿರಿಯಾಗಬಾರದು. ಗಾಳಿ ಹೊರಹಾಕುವ ಕೊಳವೆಗೆ ಇದ್ದಿಲಿನ ಶೋಧಕ ಕೂಡಿಸುವುದು ಇದೇ ಕಾರಣಕ್ಕೆ ಅಗತ್ಯ.

ಎಲ್ಲಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಬೆಳೆದದ್ದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಮಾರುವುದು ಇರಲಿ, ಸ್ನೇಹಿತನ ಹುಟ್ಟುಹಬ್ಬಕ್ಕೆಂದು ಒಂದು ಚೂರು ಕೊಡುವುದೂ ಕಾನೂನುಬಾಹಿರ. ಇದ್ದದ್ದನ್ನು ಹಂಚಿಕೊಂಡು ತಿನ್ನುವ ನಮ್ಮ ಹುಡುಗರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಆದರೆ ಇಡೀ ಕಾಯ್ದೆ ನಿಂತಿರುವುದೇ ಬೆಳೆದವನು ತಾನೊಬ್ಬನೇ ಬಳಸಬೇಕು ಎಂಬ ನಿಯಮದ ಮೇಲೆ. ಅದು ವ್ಯಾಪಾರಕ್ಕೆ ಬಾಗಿಲು ತೆರೆದಿಲ್ಲ.

ಕೊಯ್ಲಿನ ಹೊತ್ತಿಗೆ ಇನ್ನೊಂದು ತೊಡಕು ಕಾದಿರುತ್ತದೆ. ಮೂರು ಗಿಡಗಳಿಗೆ ಅನುಮತಿ ಕೊಟ್ಟಿರುವ ಕಾಯ್ದೆ, ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಒಣಗಿದ ಗಾಂಜಾವನ್ನು 50 ಗ್ರಾಮಿಗೆ ಮಿತಿಗೊಳಿಸಿದೆ. ಹೊರಗೆ ಒಯ್ಯಬಹುದಾದದ್ದು 25 ಗ್ರಾಂ. ಮನೆಯಲ್ಲಿ 50 ಗ್ರಾಂ ದಾಟಿದರೆ ದಂಡ, 60 ಗ್ರಾಂ ದಾಟಿದರೆ ಕ್ರಿಮಿನಲ್ ಅಪರಾಧ. ಚೆನ್ನಾಗಿ ಬಂದ ಒಂದೇ ಆಟೋ ಗಿಡ ನಲವತ್ತು, ಐವತ್ತು ಗ್ರಾಂ ಒಣ ಹೂವು ಕೊಡಬಲ್ಲದು. ಮೂರನ್ನೂ ಒಟ್ಟಿಗೆ ಬಿತ್ತಿ ಒಟ್ಟಿಗೆ ಕೊಯ್ದವನು, ಮೂರೇ ಗಿಡ ಇಟ್ಟುಕೊಂಡು ಕಾನೂನು ಪಾಲಿಸಿದ್ದೇನೆಂದು ತಿಳಿದಿರುವಾಗಲೇ ಅದನ್ನು ಮುರಿದಿರುತ್ತಾನೆ. ಮಿಕ್ಕಿದ್ದನ್ನು ಕೊಡುವಂತೆಯೂ ಇಲ್ಲ, ನಾಶ ಮಾಡಲೇಬೇಕು. ಹೀಗಾಗಿ ಹೊಸಬರು ಒಂದೇ ಒಂದು ಬೀಜದಿಂದ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಆಟೋ ತಳಿಯ ನಿಜವಾದ ಉಪಯೋಗವೂ ನನ್ನ ದೃಷ್ಟಿಯಲ್ಲಿ ಇದೇ: ಋತುವಿಗಾಗಿ ಕಾಯಬೇಕಿಲ್ಲವಾದ್ದರಿಂದ ಒಂದು ಮುಗಿದು, ಅದು ಪೂರ್ತಿ ಖರ್ಚಾದ ಮೇಲೆ ಇನ್ನೊಂದನ್ನು ಬಿತ್ತಬಹುದು.

ವಯಸ್ಸಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕಾಯ್ದೆಯ ಅಡಿಯಲ್ಲಿ 2024ರ ಜುಲೈಯಿಂದ ಗರಿಷ್ಠ 500 ಸದಸ್ಯರ ಬೆಳೆಗಾರರ ಸಂಘಗಳಿಗೂ ಅವಕಾಶವಿದ್ದು, ಅವು ಇಪ್ಪತ್ತೊಂದು ತುಂಬದ ಸದಸ್ಯರಿಗೆ ಟಿಎಚ್‌ಸಿ ಶೇ 10ಕ್ಕಿಂತ ಹೆಚ್ಚಿರುವ ಗಾಂಜಾ ಕೊಡುವಂತಿಲ್ಲ. ತಿಂಗಳಿಗೆ 30 ಗ್ರಾಂ ಮೀರುವಂತೆಯೂ ಇಲ್ಲ. ಬೆಳೆಯುತ್ತಿರುವ ಮಿದುಳಿನ ಮೇಲೆ ಆಗುವ ಹಾನಿಯನ್ನು, ವಿಶೇಷವಾಗಿ ಮನೆತನದಲ್ಲಿ ಮನೋವ್ಯಾಧಿಯ ಹಿನ್ನೆಲೆ ಇರುವವರಿಗೆ ಇರುವ ಅಪಾಯವನ್ನು ಗಮನದಲ್ಲಿಟ್ಟುಕೊಂಡು ಮಾಡಿದ ನಿಯಮವಿದು. ಮನೆಯಲ್ಲಿ ಬೆಳೆದ ಹೂವಿಗೆ ಅಂಥ ತಡೆಯಿಲ್ಲ, ಅದರ ಕಸುವು ಎಷ್ಟೆಂದು ಬೆಳೆದವನಿಗೂ ತಿಳಿಯುವುದಿಲ್ಲ. ಹತ್ತೊಂಬತ್ತರ ವಿದ್ಯಾರ್ಥಿಗೆ ಸಂಘದಲ್ಲಿ ಸಿಗದ ತೀವ್ರತೆಯ ಗಾಂಜಾ ಅವನ ಬೀರುವಿನಲ್ಲಿಯೇ ಬೆಳೆಯಬಹುದು. ಕಾಯ್ದೆ ಇಲ್ಲಿ ಸಡಿಲವಾಗಿದೆ ಎಂಬುದು ನನ್ನ ಭಾವನೆ. ಆ ವಯಸ್ಸಿನವರು ಕೇಳಿದಾಗ ನಾನು ಗಿಡದ ಬಗ್ಗೆ ಹೇಳುವುದಿಲ್ಲ, ಬೇಡವೆಂದೇ ಹೇಳುತ್ತೇನೆ.

ಕೊನೆಯದಾಗಿ, ಊರಿಗೆ ಹಿಂದಿರುಗುವವರ ಚೀಲದಲ್ಲಿ ಬರುವ ಬೀಜಗಳ ಬಗ್ಗೆ. ಭಾರತದ 1985ರ ಮಾದಕ ವಸ್ತು ಕಾಯ್ದೆಯಲ್ಲಿ ಗಾಂಜಾ ಎಂಬ ವ್ಯಾಖ್ಯೆಯೊಳಗೆ ಹೂವಿನ ಜತೆಗಿಲ್ಲದ ಬೀಜ ಸೇರುವುದಿಲ್ಲ ಎಂಬ ಅರ್ಧ ಮಾಹಿತಿಯನ್ನು ಹಿಡಿದುಕೊಂಡು, ನಾಲ್ಕು ಬೀಜ ತಂದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಅದೇ ಕಾಯ್ದೆಯ 8ನೇ ಸೆಕ್ಷನ್ ಗಾಂಜಾ ಕುಲದ ಯಾವುದೇ ಗಿಡವನ್ನು ಪರವಾನಗಿಯಿಲ್ಲದೆ ಬೆಳೆಸುವುದನ್ನು ನಿಷೇಧಿಸಿದೆ. 20ನೇ ಸೆಕ್ಷನ್ ಅದಕ್ಕೆ ಹತ್ತು ವರ್ಷದವರೆಗಿನ ಕಠಿಣ ಶಿಕ್ಷೆಯನ್ನೂ ಒಂದು ಲಕ್ಷ ರೂಪಾಯಿವರೆಗಿನ ದಂಡವನ್ನೂ ಹೇಳುತ್ತದೆ. ಆಟೋ ತಳಿ, ಗಿಡ್ಡ ತಳಿ, ಸ್ವಂತಕ್ಕೆ ಒಂದೇ ಗಿಡ ಎಂಬ ವಿನಾಯಿತಿ ಅಲ್ಲಿಲ್ಲ. ತಿಳಿದೂ ತನ್ನ ಮನೆಯನ್ನು ಅದಕ್ಕೆ ಬಿಟ್ಟುಕೊಟ್ಟವರಿಗೂ 25ನೇ ಸೆಕ್ಷನ್‌ನಲ್ಲಿ ಅದೇ ಶಿಕ್ಷೆ ಇರುವುದರಿಂದ, ಮಗ ಮಹಡಿಯ ಕೋಣೆಯಲ್ಲಿ ಏನೋ ಬೆಳೆಸುತ್ತಿದ್ದಾನೆಂದು ಗೊತ್ತಿದ್ದು ಸುಮ್ಮನಿದ್ದ ತಂದೆ ತಾಯಿಯರೂ ಸಿಕ್ಕಿಕೊಳ್ಳಬಹುದು. 2023ರ ಜೂನ್‌ನಲ್ಲಿ ಶಿವಮೊಗ್ಗದ ಬಾಡಿಗೆ ಮನೆಯೊಂದರಲ್ಲಿ ಗಾಂಜಾ ಬೆಳೆಸಿದ ಆರೋಪದ ಮೇಲೆ ಬಂಧಿತರಾದವರಲ್ಲಿ ವೈದ್ಯಕೀಯ ವಿದ್ಯಾರ್ಥಿಯೂ ಇದ್ದ. 2024ರ ನವೆಂಬರ್‌ನಲ್ಲಿ ಬೆಂಗಳೂರಿನ ಸದಾಶಿವನಗರ ಪೊಲೀಸರು ದಂಪತಿಯೊಂದನ್ನು ಬಂಧಿಸಿದ್ದು, ಅವರು ಬಾಲ್ಕನಿಯ ಹೂಕುಂಡಗಳ ನಡುವೆ ಬೆಳೆಸಿದ್ದ ಗಿಡಗಳು ಫೇಸ್‌ಬುಕ್‌ಗೆ ಹಾಕಿದ ವಿಡಿಯೊದಲ್ಲಿ ಕಂಡುಬಂದದ್ದರಿಂದ. ಹಾಗೆಯೇ ಜರ್ಮನಿಯಿಂದ ಗಾಂಜಾವನ್ನು ಹೊರಗೆ ಒಯ್ಯುವುದೂ, ಅಂಚೆಯಲ್ಲಿ ಕಳುಹಿಸುವುದೂ ಇಲ್ಲಿನ ಕಾಯ್ದೆಯಲ್ಲಿ ಅಪರಾಧವೇ. ಇಲ್ಲಿ ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯಾದರೆ ವಿದ್ಯಾರ್ಥಿಯ ವಾಸದ ಪರವಾನಗಿಗೂ ಕುತ್ತು ಬರಬಹುದು.

ತಮ್ಮ ಪತ್ರಿಕೆಯಲ್ಲಿ ಮುಂದೆ ಜರ್ಮನಿಯ ಈ ಕಾಯ್ದೆಯ ಸುದ್ದಿ ಬಂದಾಗ, ಆರು ತಿಂಗಳ ವಾಸದ ಷರತ್ತು, ಇನ್ನೊಬ್ಬರಿಗೆ ಕೊಡಬಾರದೆಂಬ ನಿಯಮ, 50 ಗ್ರಾಮಿನ ಮಿತಿ, ಈ ಮೂರನ್ನಾದರೂ ಸುದ್ದಿಯ ಜೊತೆಗೇ ಮುದ್ರಿಸಬೇಕೆಂದು ಕೋರುತ್ತೇನೆ. ವಿದೇಶ ವ್ಯಾಸಂಗದ ಪುರವಣಿ ತರುವಾಗ ವಿಮೆ, ಬ್ಯಾಂಕ್ ಖಾತೆ, ಬಾಡಿಗೆ ಮನೆಗಳ ಮಾಹಿತಿಯ ಪಕ್ಕದಲ್ಲಿ ಇದಕ್ಕೂ ಕಾಲು ಪುಟ ಮೀಸಲಿಟ್ಟರೆ, ಸೆಪ್ಟೆಂಬರ್‌ನಲ್ಲಿ ವಿಮಾನ ಹತ್ತುವ ವಿದ್ಯಾರ್ಥಿಗಳಿಗೆ ಅದು ಸಕಾಲದಲ್ಲಿ ತಲುಪುತ್ತದೆ.

ತಮ್ಮ ವಿಶ್ವಾಸಿ,
ತೋಟಗಾರಿಕೆ ಪದವೀಧರ ಓದುಗ,
ಬಾಡೆನ್-ವ್ಯೂರ್ಟೆಂಬೆರ್ಗ್, ಜರ್ಮನಿ